ಮಳೆ ಪುಸ್ತಕದಲ್ಲಿ ಎರಡು ಕಾಲಂ

"ಇದು ಡಿಪ್ರೆಶನ್ ಮಾತ್ರೆಯಂತೆ ಮೇಡಂ. ಹಾಗಾದ್ರೆ ನನ್ನ ತಲೆನೋವು ಸುಳ್ಳಾ?"

ಕೇಳಿದವರು ವಿರಾಜಪೇಟೆ ಕಡೆಯ ಕಾಫಿ ತೋಟದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಈ ವರ್ಷ ಇದೇ ಪ್ರಶ್ನೆ ನನಗೆ ನಾಲ್ಕನೇ ಸಲ. ಮೈಸೂರಿನ ನರರೋಗ ತಜ್ಞರು ಮೈಗ್ರೇನ್‌ಗೆ ಅಮಿಟ್ರಿಪ್ಟಿಲಿನ್ ಅನ್ನುವ ಮಾತ್ರೆ ಬರೆದಿದ್ದರು. ಇವರು ಹೆಸರನ್ನು ಮೊಬೈಲಲ್ಲಿ ಹುಡುಕಿ, ಒಂಬತ್ತೇ ದಿನಕ್ಕೆ ಬಿಟ್ಟಿದ್ದರು. ಈಗ ಬೊಟಾಕ್ಸ್ ಒಳ್ಳೇದಾ, ಮೈಗ್ರೇನ್ ನೋವಿನಲ್ಲಿ ಪಾತ್ರವಿರುವ ಸಿಜಿಆರ್‌ಪಿ ಅನ್ನುವ ಪ್ರೋಟೀನ್ ತಡೆಯುವ ತಿಂಗಳ ಇಂಜೆಕ್ಷನ್ ಒಳ್ಳೇದಾ ಅಂತ ಚೀಟಿ ಹಿಡಿದು ಬಂದಿದ್ದರು.

ಸುಳ್ಳಲ್ಲ ಅಂದೆ. ಮೈಗ್ರೇನ್ ತಡೆಯಲು ಆ ಮಾತ್ರೆಯನ್ನು ಖಿನ್ನತೆಗಿಂತ ಕಡಿಮೆ ಡೋಸ್‌ನಲ್ಲಿ ಕೊಡುತ್ತಾರೆ. ಬಿಪಿಯ ಪ್ರೊಪ್ರನಲಾಲ್, ಫಿಟ್ಸ್‌ನ ಟೊಪಿರಮೇಟ್ ಕೂಡ ಇದಕ್ಕೆ ಬಳಕೆಯಲ್ಲಿವೆ. "ಬಿಪಿ ಮಾತ್ರೆ ಕೊಟ್ಟಿದ್ರೆ ಇಷ್ಟು ಬೇಜಾರಾಗ್ತಿತ್ತಾ?" ಅವರು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇವಳಿಗೆ ಕೆಲಸ ಬಂದ್ರೆ ತಲೆನೋವು ಅಂತಾರೆ ಮನೇಲಿ" ಅಂದರು. ಚೀಟಿಯಲ್ಲಿ ಇಂಜೆಕ್ಷನ್ ಯಾಕಿತ್ತು ಅಂತ ಆಗ ಗೊತ್ತಾಯಿತು. ಸೂಜಿ ಚುಚ್ಚಿಸಿಕೊಂಡರೆ ಮನೆಯವರು ನಂಬುತ್ತಾರಲ್ವಾ!

ತಿಂಗಳಲ್ಲಿ ಎಷ್ಟು ದಿನ ನೋವು? "ಯಾವಾಗಲೂ." ನೋವಿನ ಮಾತ್ರೆ? "ಬೇಕಾದಾಗ." ದಿನಾ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಯುವವರ ಉತ್ತರ ಇದು! ಅದೇ ಪುಸ್ತಕದಲ್ಲಿ ಇನ್ನೆರಡು ಕಾಲಂ ಎಳೆಯಿರಿ ಅಂದೆ: ನೋವು, ಮಾತ್ರೆ.

ತಿಂಗಳ ನಂತರ ನೋಡಿದರೆ ನೋವು 19 ದಿನ, ನೋವಿನ ಮಾತ್ರೆ 16 ದಿನ. ಕಾಫಿ ಹೂವಿನ ವಾಸನೆಯಿಂದಲೇ ಎಲ್ಲ ಅಂತ ನಂಬಿದ್ದರು. ಹೂಮಳೆ ಬಿದ್ದು ಹೂ ಅರಳುವ ಮೊದಲೇ ನೋವಿನ ಕಾಲಂ ತುಂಬಿತ್ತು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ತೆಗೆದುಕೊಳ್ಳುವ ಔಷಧಿ) ಅಥವಾ ಒಂದಕ್ಕಿಂತ ಹೆಚ್ಚು ಔಷಧಿ ಸೇರಿದ ಮಿಶ್ರ ನೋವಿನ ಮಾತ್ರೆ 10 ದಿನ ಮುಟ್ಟಿ ಹೀಗೇ ಮೂರು ತಿಂಗಳು ದಾಟಿದರೆ, ಮಾತ್ರೆಯೇ ತಲೆನೋವು ತರಬಹುದು.

ನಾನು ಡಾಕ್ಟರಲ್ಲ, ಔಷಧಿ ಆರಿಸಿ ಕೊಡುವುದಿಲ್ಲ. ಬೊಟಾಕ್ಸ್ ಬೇಡ ಅಂತಲೂ ಹೇಳಲಿಲ್ಲ. 12 ವಾರಕ್ಕೊಮ್ಮೆ ತಲೆ, ಕುತ್ತಿಗೆಗೆ 31 ಕಡೆ ಚುಚ್ಚುವ ಆ ಚಿಕಿತ್ಸೆಯಿಂದ ಎಷ್ಟೋ ಜನರಿಗೆ ಗುಣ ಸಿಕ್ಕಿದೆ. ಆದರೆ ಮೊದಲಿನ ಲೆಕ್ಕವಿಲ್ಲದೆ ಯಾವುದು ಹಿಡಿಯಿತು ಅಂತ ಹೇಗೆ ಹೇಳುವುದು? ತಡೆ ಮಾತ್ರೆಗೂ ಸುಮಾರು ಎರಡು ತಿಂಗಳು ಕೊಡಬೇಕು. ಒಂಬತ್ತು ದಿನ ಸಾಲದು. ಪುಸ್ತಕ ತೆಗೆದುಕೊಂಡು ಮೈಸೂರಿಗೇ ವಾಪಸ್ ಹೋಗಿ, ಮನೆಯವರನ್ನೂ ಒಳಗೆ ಕೂರಿಸಿ ಅಂದೆ.

ಹೋದರು. ಅದೇ ಮಾತ್ರೆ ಮತ್ತೆ ಶುರುವಾಗಿದೆ, ನೋವಿನ ಮಾತ್ರೆಗೆ ಡಾಕ್ಟರ್ ಮಿತಿ ಹಾಕಿದ್ದಾರೆ. ಬಾಯಿ ಒಣಗುತ್ತೆ, ಬೆಳಿಗ್ಗೆ ತೂಕಡಿಕೆ ಅಂತ ಗೊಣಗುತ್ತಾರೆ. ಅದನ್ನೂ ಬರೀರಿ ಅಂದಿದ್ದೇನೆ.