ಮಗಳಿಗೆ ಆಯಿಷಾ ಅಂತ ಹೆಸರಿಡಬಹುದಾ?

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ನಮ್ಮತ್ತೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬಂದವರೇ ಆಯಿಷಾ ಅಂತ ಕರೆಯಲು ಶುರು ಮಾಡಿದರು, ಈಗ ಎಲ್ಲರೂ ಹಾಗೇ ಕರೆಯುತ್ತೇವೆ. ಜನನ ಪತ್ರದಲ್ಲಿ ಇನ್ನೂ ಹೆಸರು ಹಾಕಿಸಿಲ್ಲ. ಈ ಹೆಸರಿನ ಅರ್ಥ ಏನು? ‘ಆಯುಷ್ಯ’ದಿಂದಲೇ ಬಂದಿದ್ದು ಅಂತ ಪಕ್ಕದ ಮನೆಯವರು ಹೇಳುತ್ತಾರೆ, ನಿಜವಾ? ನಮ್ಮ ಬೀದಿಯಲ್ಲೇ ನಾಲ್ಕು ಜನ ಆಯಿಷಾ ಇದ್ದಾರೆ, ಬೇರೆ ಹೆಸರು ನೋಡಬೇಕಾ?
– ಒಬ್ಬ ತಾಯಿ, ಚಿಂತಾಮಣಿ

ಉತ್ತರ: ಬೇರೆ ಹೆಸರು ಯಾಕಮ್ಮ? ಇದನ್ನೇ ಇಡಿ. ಆಯಿಷಾ ಅಂದರೆ ಬದುಕಿರುವವಳು, ಜೀವ ತುಂಬಿದವಳು. ಅರಬ್ಬಿಯಲ್ಲಿ ‘ಐಶ್’ ಅಂದರೆ ಬದುಕು, ಹೆಸರಿನ ಬೇರು ಅದೇ. ಈಜಿಪ್ಟಿನ ಜನ ರೊಟ್ಟಿಗೂ ‘ಐಶ್’ ಅಂತಲೇ ಅನ್ನುತ್ತಾರೆ. ನಾವು ಆಡುವ ‘ಐಷಾರಾಮ’ದಲ್ಲಿ ಇರುವುದೂ ಇದೇ ಐಶ್, ಜೊತೆಗೆ ಫಾರಸಿಯ ಆರಾಮ ಸೇರಿಕೊಂಡಿದೆ.

ಆಯುಷ್ಯದಿಂದ ಬಂದಿದ್ದಲ್ಲ. ಕಿವಿಗೆ ಒಂದೇ ಥರ ಕೇಳುತ್ತೆ, ಅರ್ಥವೂ ಹತ್ತಿರ, ಹಾಗಾಗಿ ಯಾರಿಗಾದರೂ ಹಾಗೆ ಅನ್ನಿಸುತ್ತೆ. ಆದರೆ ಅದು ಸಂಸ್ಕೃತದ ಮಾತು, ಇದು ಅರಬ್ಬಿಯದು, ಎರಡಕ್ಕೂ ನಂಟಿಲ್ಲ. ಪಕ್ಕದ ಮನೆಯವರ ಮಾತನ್ನ ಹಾರೈಕೆ ಅಂತ ತಗೊಳ್ಳಿ.

ಬೀದಿಗೆ ನಾಲ್ಕು ಜನ ಇರೋದಕ್ಕೆ ಕಾರಣ ಇದೆ. ಪ್ರವಾದಿ ಮುಹಮ್ಮದರ ಪತ್ನಿ, ಅವರ ನಂತರ ಮುಸ್ಲಿಮರ ನಾಯಕರಾದ ಮೊದಲ ಖಲೀಫ ಅಬೂಬಕರ್ ಅವರ ಮಗಳು ಆಯಿಷಾ. ಪ್ರವಾದಿಯವರ ನಂತರ ದೊಡ್ಡ ದೊಡ್ಡವರೂ ಅವರ ಹತ್ತಿರ ಬಂದು ಸಂದೇಹ ಕೇಳುತ್ತಿದ್ದರು, ಅವರ ಮೂಲಕ ಬಂದ ಹದೀಸ್‌ಗಳೇ (ಪ್ರವಾದಿಯವರ ಮಾತು, ನಡೆಗಳ ವರದಿ) 2,000ಕ್ಕೂ ಜಾಸ್ತಿ. ಅಷ್ಟು ತಿಳಿದ ಹೆಣ್ಣುಮಗಳ ಹೆಸರು ಅಂದಮೇಲೆ ಯಾರು ಬೇಡ ಅಂತಾರೆ! ಟರ್ಕಿಯಲ್ಲಿ ಅದೇ ಆಯ್ಶೆ, ಸೆನೆಗಲ್ ಕಡೆ ಐಸಾತು, ಪೂರ್ವ ಆಫ್ರಿಕಾದ ಸ್ವಾಹಿಲಿ ಜನರಲ್ಲಿ ‘ಆಶಾ’.

ಆಶಾ ಅಂದ ತಕ್ಷಣ ನನಗೆ ಒಂದು ಹುಡುಗಿ ನೆನಪಾಗುತ್ತಾಳೆ. ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದಾಗ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದಿದ್ದಳು. ಹಾಜರಿಯಲ್ಲಿ ‘ಆಶಾ’ ಅಂತ ಕೂಗಿದೆ, ಉತ್ತರ ಇಲ್ಲ. ಮತ್ತೆ ಕೂಗಿದೆ. ಕೊನೆ ಬೆಂಚಿನಿಂದ ಎದ್ದು, ದುಪಟ್ಟಾ ತುದಿ ಬೆರಳಿಗೆ ಸುತ್ತುತ್ತಾ, ‘ಸಾರ್, ಆಶಾ ಅಲ್ಲ, ಆಯಿಷಾ’ ಅಂದಳು. ಹಳೇ ಶಾಲೆಯ ಟಿಸಿಯಲ್ಲಿ ಯಾರೋ ಅವಸರದಲ್ಲಿ ಎರಡೇ ಅಕ್ಷರ ಬರೆದುಬಿಟ್ಟಿದ್ದರು. ಅವರಪ್ಪ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿ ಮಾಡುತ್ತಿದ್ದವರು, ಅದನ್ನ ಸರಿ ಮಾಡಿಸೋಕೆ ನಾಲ್ಕು ದಿನದ ಕೂಲಿ ಬಿಟ್ಟು ಓಡಾಡಿದರು, ಬಿಸಿನೀರಲ್ಲಿ ಗೂಡು ತೆಗೆದು ತೆಗೆದು ಸುಲಿದುಹೋದ ಬೆರಳಲ್ಲಿ ಅರ್ಜಿಗೆ ಸಹಿ ಹಾಕುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹೆಸರಿನ ಚಿಂತೆ ಬಿಡಿ, ಅಕ್ಷರದ ಚಿಂತೆ ಮಾಡಿ.

ಕನ್ನಡದಲ್ಲೇ ಆಯಿಷಾ, ಆಯಿಶಾ, ಆಯೇಷಾ ಅಂತ ಮೂರು ಥರ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಇನ್ನೂ ಜಾಸ್ತಿ. ಯಾವುದೂ ತಪ್ಪಲ್ಲ, ಒಂದನ್ನ ಹಿಡಿದು ಎಲ್ಲಾ ಕಡೆ ಅದನ್ನೇ ಬರೆಸಬೇಕು ಅಷ್ಟೇ. ಜನನ ನೋಂದಣಿಯಾದ ಒಂದು ವರ್ಷದೊಳಗೆ ಜನನ ಪತ್ರಕ್ಕೆ ಹೆಸರು ಸೇರಿಸಲು ಶುಲ್ಕ ಇಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ನೀವು ಕಾಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಈ ಪತ್ರವೇ ಆಧಾರ.

ಬೀದಿಯಲ್ಲಿ ಗೊಂದಲ ಆಗುತ್ತೆ ಅನ್ನಿಸಿದರೆ ಜೊತೆಗೆ ಇನ್ನೊಂದು ಹೆಸರು ಸೇರಿಸಿ. ಆಯಿಷಾ ಬಾನು ಅನ್ನಬಹುದು, ಆಯಿಷಾ ಸಿದ್ದೀಖಾ ಅನ್ನಬಹುದು. ಸಿದ್ದೀಖಾ ಅಂದರೆ ಸತ್ಯವಂತೆ, ಆ ಮಹಾತಾಯಿಗೇ ಇದ್ದ ಬಿರುದು ಅದು. ಕಚೇರಿಗೆ ಹೋಗುವಾಗ ಹೆಸರನ್ನ ಬಾಯಲ್ಲಿ ಹೇಳಬೇಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ, ಪತ್ರ ಕೈಗೆ ಬಂದ ಮೇಲೆ ಕೌಂಟರ್ ಮುಂದೆಯೇ ನಿಂತು ಒಂದೊಂದೇ ಅಕ್ಷರ ತಾಳೆ ನೋಡಿ.