ಉಪ್ಪುನೀರಿನ ಹನಿಯಲ್ಲಿ ಸುಳಿ ಯಾಕೆ ಏಳುವುದಿಲ್ಲ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಹರಳೆಣ್ಣೆಯೊಳಗೆ ಸಿಲಿಕೋನ್ ಎಣ್ಣೆಯ ಹನಿ ಬಿಟ್ಟು ವಿದ್ಯುತ್ ಕ್ಷೇತ್ರ ಕೊಟ್ಟರೆ, ಹನಿಯ ಒಳಗೂ ಹೊರಗೂ ದ್ರವ ಸುಳಿಯಂತೆ ಸುತ್ತುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಎರಡೂ ಕರೆಂಟ್ ಹರಿಯಲು ಬಿಡದ ಎಣ್ಣೆಗಳು. ಹಾಗಾದರೆ ಕರೆಂಟ್ ಚೆನ್ನಾಗಿ ಹರಿಯುವ ಉಪ್ಪುನೀರಿನ ಹನಿಯಲ್ಲಿ ಸುಳಿ ಇನ್ನೂ ಜೋರಾಗಿರಬೇಕು, ಅಲ್ವಾ?

ಉತ್ತರ: ಹಾಗೆ ಅನ್ನಿಸುವುದು ಸಹಜ. ಆದರೆ ಆಗುವುದು ಉಲ್ಟಾ. ಎಣ್ಣೆಯೊಳಗಿನ ಉಪ್ಪುನೀರಿನ ಹನಿ ಕ್ಷೇತ್ರದ ದಿಕ್ಕಿಗೆ ಉದ್ದವಾಗುತ್ತದೆ. ಆಕಾರ ಬದಲಾಗುವಷ್ಟು ಹೊತ್ತು ದ್ರವ ಕದಲುತ್ತದೆ. ಆಮೇಲೆ ಸುಮ್ನೆ ನಿಂತುಬಿಡುತ್ತದೆ.

ಮೈಗೆ ಎಣ್ಣೆ ಹಚ್ಚುವುದನ್ನು ನೆನೆಸಿಕೊಳ್ಳಿ. ಬರೀ ಒತ್ತಿದರೆ ಎಣ್ಣೆ ಸರಿಯುವುದಿಲ್ಲ, ನೀವಬೇಕು. ಹನಿಯ ಮೇಲ್ಮೈಯನ್ನೂ ಹಾಗೆ ಯಾವುದಾದರೂ ಬಲ ನೀವಬೇಕು. ಅದಕ್ಕೆ ಮೇಲ್ಮೈಯಲ್ಲಿ ಚಾರ್ಜ್ ಇರಬೇಕು, ಮೇಲ್ಮೈಗುಂಟ ಕ್ಷೇತ್ರವೂ ಇರಬೇಕು. ಉಪ್ಪುನೀರಿನಲ್ಲಿ ಚಾರ್ಜ್ ಬೇಕಾದಷ್ಟಿದೆ. ಆದರೆ ಮೇಲ್ಮೈಗುಂಟ ಚೂರು ಕ್ಷೇತ್ರ ತಲೆ ಎತ್ತಿದರೂ ಆ ಚಾರ್ಜ್ ಓಡಿ ಹೋಗಿ ಅದನ್ನು ಅಳಿಸಿಹಾಕುತ್ತದೆ. ಉಳಿಯುವುದು ಮೇಲ್ಮೈಗೆ ಲಂಬವಾಗಿ ನಿಂತ ಕ್ಷೇತ್ರ ಮಾತ್ರ. ಅದು ಹನಿಯನ್ನು ಎಳೆಯಬಲ್ಲದು, ನೀವಲಾರದು.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ತಿದ್ದಬೇಕು. ಆ ಎಣ್ಣೆಗಳು ಕರೆಂಟನ್ನು ಪೂರ್ತಿ ತಡೆಯುವುದಿಲ್ಲ, ಅತಿ ಸಣ್ಣದಾಗಿ ಸೋರಲು ಬಿಡುತ್ತವೆ. ಇಡೀ ಗುಟ್ಟು ಆ ಸೋರಿಕೆಯಲ್ಲಿದೆ. 1962ರಲ್ಲಿ ಅಲನ್ ಮತ್ತು ಮೇಸನ್ ಎಂಬ ವಿಜ್ಞಾನಿಗಳು ಕೆಲವು ಹನಿಗಳು ಉದ್ದವಾಗುವ ಬದಲು ಚಪ್ಪಟೆಯಾಗುವುದನ್ನು ಕಂಡರು. ಪೂರ್ತಿ ವಾಹಕ ಎಂದುಕೊಂಡರೂ, ಪೂರ್ತಿ ಅವಾಹಕ ಎಂದುಕೊಂಡರೂ ಲೆಕ್ಕ ಕೂಡಲಿಲ್ಲ. 1966ರಲ್ಲಿ ಕೇಂಬ್ರಿಡ್ಜ್‌ನ ಭೌತವಿಜ್ಞಾನಿ ಜಿ. ಐ. ಟೇಲರ್ ಅದನ್ನು ಬಿಡಿಸಿದರು. ಆಗ ಅವರಿಗೆ 80ರ ಆಸುಪಾಸು! ಸೋರಿ ಬಂದ ಚಾರ್ಜ್ ಮೇಲ್ಮೈಯಲ್ಲಿ ಕೂರುತ್ತದೆ, ಆದರೆ ಮೇಲ್ಮೈಗುಂಟ ಇರುವ ಕ್ಷೇತ್ರವನ್ನು ಪೂರ್ತಿ ಅಳಿಸುವಷ್ಟು ಓಡಾಟ ಅದಕ್ಕಿಲ್ಲ. ಹಾಗಾಗಿ ನೀವುವ ಬಲ ಉಳಿಯುತ್ತದೆ. ನಿಮ್ಮ ಸಿಲಿಕೋನ್ ಹನಿಯಲ್ಲಿ ಮೇಲ್ಮೈ ದ್ರವ ಎರಡು ತುದಿಗಳಿಂದ ನಡುವಿಗೆ ಸರಿದು, ಒಳಗಿನಿಂದ ವಾಪಸ್ ಬರುತ್ತದೆ. ಪ್ಲಸ್ ಮೈನಸ್ ಅದಲುಬದಲು ಮಾಡಿದರೂ ಸುಳಿಯ ದಿಕ್ಕು ಬದಲಾಗುವುದಿಲ್ಲ. ಕ್ಷೇತ್ರ ತಿರುಗಿದರೆ ಚಾರ್ಜೂ ತಿರುಗುತ್ತದೆ, ತಳ್ಳುವುದು ಅದೇ ಕಡೆಗೆ.

ಇನ್ನು ಉಪ್ಪುನೀರನ್ನೇ ಸುತ್ತಲ ದ್ರವವಾಗಿಟ್ಟು, ಪಾದರಸದ ಹನಿಯನ್ನು ಅದರೊಳಗೆ ಬಿಟ್ಟರೆ ಕತೆ ಬೇರೆ. ಪಾದರಸ ಒಳ್ಳೆಯ ವಾಹಕ, ಆದರೂ ಸುತ್ತಲ ನೀರು ಹರಿಯುತ್ತದೆ. ನೀರಿನ ಅಯಾನುಗಳು (ಚಾರ್ಜ್ ಹೊತ್ತ ಕಣಗಳು) ಕೆಲವೇ ನ್ಯಾನೋಮೀಟರ್ ದಪ್ಪದ ಪದರವಾಗಿ ಹನಿಗೆ ಕವಿಯುತ್ತವೆ. ಕ್ಷೇತ್ರ ಒಳಹೋಗಲಾಗದೆ ಪದರದ ಗುಂಟ ಬಾಗುತ್ತದೆ. ಚಾರ್ಜೂ ಇದೆ, ಅದನ್ನು ಸರಿಸುವ ಕ್ಷೇತ್ರವೂ ಇದೆ.

ನೀವೇ ನೋಡಬೇಕೆಂದರೆ ಹರಳೆಣ್ಣೆ, ಸಿಲಿಕೋನ್ ಎಣ್ಣೆ ಒಳ್ಳೆಯ ಜೋಡಿ. ಸಾಂದ್ರತೆ ಹತ್ತಿರ ಹತ್ತಿರ ಇರುವುದರಿಂದ ಹನಿ ಬೇಗ ಮುಳುಗುವುದಿಲ್ಲ, ತೇಲುವುದೂ ಇಲ್ಲ. ಹರಿವು ಕಾಣಲು ನುಣ್ಣನೆಯ ಪುಡಿ ಚೂರೇ ಬೆರೆಸಿ. ಆದರೆ ಇದಕ್ಕೆ ಸಾವಿರಾರು ವೋಲ್ಟ್ ಬೇಕು. ದಯವಿಟ್ಟು ಒಬ್ಬರೇ ಮಾಡಬೇಡಿ, ಪ್ರಯೋಗಾಲಯದಲ್ಲಿ ಮೇಷ್ಟ್ರು ಪಕ್ಕದಲ್ಲಿದ್ದಾಗಲೇ ಮಾಡಿ.