ಗಂಡು ಬೆಕ್ಕು ಪದೇಪದೇ ಉಚ್ಚೆಗೆ ಕೂರುತ್ತಿದೆ, ಯಾವ ಟೆಸ್ಟ್ ಮಾಡಿಸಬೇಕು?

ನಿಮ್ಮ ಬೆಕ್ಕಿಗೆ ಮೂರು ವರ್ಷ, ಗಂಡು. ಎರಡು ದಿನದಿಂದ ಟ್ರೇ ಹತ್ತಿ ಇಳಿಯುವುದೇ ಕೆಲಸ, ಬರುವುದು ಕೆಂಪಗೆ ಎರಡು ಹನಿ. ಡಾಕ್ಟರು ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಕೊಟ್ಟಿದ್ದಾರೆ, ಟೆಸ್ಟ್ ಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಹನ್ನೊಂದು ವರ್ಷದಿಂದ ಬೆಕ್ಕು ಸಾಕಿದ್ದೇನೆ, ಇದೇ ಪಾಡು ಎರಡು ಸಲ ಪಟ್ಟಿದ್ದೇನೆ.

ಟೆಸ್ಟಿನ ಮಾತು ಆಮೇಲೆ. ಮೊದಲು ಉಚ್ಚೆ ನಿಜವಾಗಿ ಹೊರಗೆ ಬರುತ್ತಿದೆಯಾ ಅಂತ ನೋಡಿ. ಟ್ರೇ ಖಾಲಿ ಮಾಡಿ, ಹೊಸ ಮರಳು ಹಾಕಿ, ಪಕ್ಕದಲ್ಲೇ ಕೂತುಕೊಳ್ಳಿ. ತಿಣುಕುತ್ತಿದೆ ಆದರೆ ಒದ್ದೆ ಆಗುತ್ತಿಲ್ಲ ಅಂದರೆ ಇದನ್ನು ಓದುವುದು ಬಿಟ್ಟು ಹೊರಡಿ, ನಡುರಾತ್ರಿಯಾದರೂ ಸರಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಅದು ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಎದೆಬಡಿತ ತಪ್ಪುತ್ತದೆ, ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು.

ನಮ್ಮ ಬೆಕ್ಕು ಗುಂಡನಿಗೆ ಆದದ್ದು ಇದೇ. ಭಾನುವಾರ ಮೂಲೆಯಲ್ಲಿ ಕೂತು ತಿಣುಕುತ್ತಿದ್ದ. "ಹೊಟ್ಟೆ ಕಟ್ಟಿದೆ ಕಣೋ" ಅಂತ ಅಮ್ಮ ತುಪ್ಪ ನೆಕ್ಕಿಸಿದರು. ನಾನೂ ನಂಬಿದೆ. ಕಕ್ಕಸಿಗೆ ತಿಣುಕುವುದೂ ಉಚ್ಚೆಗೆ ತಿಣುಕುವುದೂ ನೋಡಲು ಒಂದೇ ಥರ, ಅಲ್ವಾ? ರಾತ್ರಿಯೆಲ್ಲ ಗ್ರೈಂಡರ್ ಹಿಂದೆ ಅವಿತು ಕೂಗಿದ, ಬೆಳಿಗ್ಗೆ ವಾಂತಿ. ಡಾಕ್ಟರು ಹೊಟ್ಟೆಯ ಕೆಳಗೆ ಕೈ ಹಾಕಿದವರೇ "ಉಚ್ಚೆ ಕಟ್ಟಿದೆ" ಅಂದರು. ನನ್ನ ಬೆರಳನ್ನೂ ಹಿಡಿದು ಅಲ್ಲಿ ಇಟ್ಟರು. ಹಿಂಗಾಲಿನ ಮುಂದೆ, ಚರ್ಮದ ಒಳಗೆ, ಸಣ್ಣ ಕಿತ್ತಳೆಯಷ್ಟು ದಪ್ಪದ ಗಟ್ಟಿ ಉಂಡೆ. "ಒತ್ತಬೇಡಿ, ಒಡೆದೀತು" ಅಂದರು. ಆಮೇಲೆ ರಕ್ತಪರೀಕ್ಷೆ, ಅರಿವಳಿಕೆ ಕೊಟ್ಟು ಕ್ಯಾಥೆಟರ್ (ಉಚ್ಚೆ ಹೊರಗೆ ಬಿಡುವ ತೆಳು ನಳಿಕೆ), ಮೂರು ದಿನ ಆಸ್ಪತ್ರೆ.

ಆ ಒಂದು ಮುಟ್ಟುವಿಕೆಯೇ ಮೊದಲ ಟೆಸ್ಟ್. ಕಟ್ಟಿದ್ದರೆ ಮೂತ್ರಕೋಶ ಊದಿ ಗಟ್ಟಿಯಾಗಿರುತ್ತದೆ. ಬರೀ ಉರಿಯೂತವಾದರೆ ಪದೇಪದೇ ಖಾಲಿಯಾಗಿ ಸಣ್ಣಗಿರುತ್ತದೆ. ಹನಿ ಬರುತ್ತಿದೆ ಅಂತ ನೀವು ಸುಮ್ನೆ ಇರಬೇಡಿ, ಅರ್ಧ ಕಟ್ಟಿದಾಗಲೂ ಹನಿ ಬರುತ್ತದೆ. ನಿಮ್ಮ ಡಾಕ್ಟರು ಹೊಟ್ಟೆ ಮುಟ್ಟಿ ನೋಡದೆ ಔಷಧಿ ಬರೆದಿದ್ದರೆ ಇವತ್ತೇ ವಾಪಸ್ ಹೋಗಿ.

ಇನ್ನು ಆಂಟಿಬಯಾಟಿಕ್. ಹತ್ತು ವರ್ಷದೊಳಗಿನ ಬೆಕ್ಕಿಗೆ ಮೂತ್ರದ ಇನ್ಫೆಕ್ಷನ್ ಆಗುವುದು ಕಡಿಮೆ. ಹೆಚ್ಚಿನವಕ್ಕೆ ಯಾವ ರೋಗಾಣುವೂ ಇಲ್ಲದೆ ಮೂತ್ರಕೋಶದ ಒಳಪದರ ಊದಿಕೊಳ್ಳುತ್ತದೆ. ಇದಕ್ಕೆ ಇಡಿಯೋಪಥಿಕ್ ಸಿಸ್ಟೈಟಿಸ್ ಅನ್ನುತ್ತಾರೆ, ಅಂದರೆ ಕಾರಣ ಸಿಗದ ಉರಿಯೂತ. ನಾಳ ಕಟ್ಟದಿದ್ದರೆ ಸಾಮಾನ್ಯವಾಗಿ ವಾರದೊಳಗೆ ತಾನೇ ಇಳಿಯುತ್ತದೆ. ಮಾತ್ರೆಗೆ ಪುಕ್ಕಟೆ ಹೆಸರು! ವಯಸ್ಸಾದ ಬೆಕ್ಕು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವ ಬೆಕ್ಕಿನ ಕಥೆ ಬೇರೆ, ಅವಕ್ಕೆ ಇನ್ಫೆಕ್ಷನ್ ಜಾಸ್ತಿ. ಖಚಿತವಾಗಿ ಹೇಳಬೇಕಾದರೆ ಕಲ್ಚರ್ ಆಗಬೇಕು, ಅಂದರೆ ಮೂತ್ರದಲ್ಲಿ ರೋಗಾಣು ಬೆಳೆಯುತ್ತದಾ ಅಂತ ಲ್ಯಾಬಿನಲ್ಲಿ ನೋಡುವುದು, ಅದೂ ಔಷಧಿ ಶುರುವಾಗುವ ಮೊದಲು. ನಿಮ್ಮಲ್ಲಿ ಶುರುವಾಗಿದೆ, ಹಾಗಾಗಿ ಎಷ್ಟು ಡೋಸ್ ಹೋಗಿದೆ ಅಂತ ಮರೆಯದೆ ಹೇಳಿ. ನೀವಾಗೇ ನಿಲ್ಲಿಸಲೂ ಹೋಗಬೇಡಿ.

ನಾನು ಮೊದಲು ದುಡ್ಡು ಹಾಕುವುದು ಯೂರಿನ್ ಟೆಸ್ಟಿಗೆ. ಟ್ರೇಯಿಂದ ಸಿರಿಂಜಿನಲ್ಲಿ ಎಳೆದ ಉಚ್ಚೆ ಕಲ್ಚರ್‌ಗೆ ಆಗಿಬರುವುದಿಲ್ಲ. ಡಾಕ್ಟರು ಹೊಟ್ಟೆಗೆ ಸಣ್ಣ ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ಕೇಳಿ ನನಗೆ ಬೆವರು ಬಂದಿತ್ತು. ಗುಂಡ ಮಾತ್ರ ತಿರುಗಿಯೂ ನೋಡಲಿಲ್ಲ, ಅವನಿಗೆ ಸಿಟ್ಟು ಬಂದದ್ದು ಥರ್ಮಾಮೀಟರ್ ಮೇಲೆ. ತೆಗೆದ ಮೂತ್ರವನ್ನು ಒಂದು ಗಂಟೆಯೊಳಗೆ ಅಲ್ಲೇ ನೋಡಿದರೆ ಒಳ್ಳೆಯದು. ಆರಿದರೆ, ಫ್ರಿಜ್‌ನಲ್ಲಿ ಇಟ್ಟರೆ, ಇಲ್ಲದ ಕ್ರಿಸ್ಟಲ್ (ಸಣ್ಣ ಹರಳು) ಹುಟ್ಟಿಕೊಳ್ಳುತ್ತವೆ. ಮನುಷ್ಯರ ಲ್ಯಾಬಿಗೆ ಕೊಡಬೇಡಿ. ಅಲ್ಲಿ ಉಚ್ಚೆಯಲ್ಲಿ ಅದ್ದಿ ಬಣ್ಣ ನೋಡುವ ಕಾಗದದ ಪಟ್ಟಿಯಲ್ಲಿ ಬಿಳಿ ರಕ್ತಕಣ ತೋರಿಸುವ ಚೌಕ ಬೆಕ್ಕಿನ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಮೂತ್ರದ ಸಾಂದ್ರತೆಯನ್ನೂ ಕೇಳಿ, ಸಾಮಾನ್ಯವಾಗಿ 1.035ಕ್ಕಿಂತ ಮೇಲಿರಬೇಕು. ಮತ್ತೆಮತ್ತೆ ಕೆಳಗೆ ಬಂದರೆ ಕಿಡ್ನಿ, ಸಕ್ಕರೆ ನೋಡಿಸಬೇಕಾಗುತ್ತದೆ.

ಮೈಕ್ರೋಸ್ಕೋಪಿನಲ್ಲಿ ಗುಂಡನ ಸ್ಟ್ರುವೈಟ್ ಕ್ರಿಸ್ಟಲ್ ನನಗೂ ತೋರಿಸಿದರು, ಥೇಟ್ ಶವಪೆಟ್ಟಿಗೆಯ ಮುಚ್ಚಳ. ಆದರೆ ಆರೋಗ್ಯವಾಗಿರುವ ಬೆಕ್ಕಿನಲ್ಲೂ ಅಷ್ಟಿಷ್ಟು ಕ್ರಿಸ್ಟಲ್ ಇರುತ್ತವೆ. ಕಲ್ಲು ಇದೆಯಾ ಅಂತ ಗೊತ್ತಾಗುವುದು ಎಕ್ಸ್‌ರೇ, ಸ್ಕ್ಯಾನ್‌ನಲ್ಲಿ. ಎಕ್ಸ್‌ರೇಯಲ್ಲಿ ಮೂತ್ರನಾಳ ಕೊನೆಯವರೆಗೂ ಬರಲಿ ಅನ್ನಿ, ಎಷ್ಟೋ ಸಲ ಕಲ್ಲು ಕೂತಿರುವುದು ಅಲ್ಲೇ. ಕಲ್ಲಿನಲ್ಲೂ ಬಗೆಗಳಿವೆ. ಸ್ಟ್ರುವೈಟ್ ಕಲ್ಲು ವಿಶೇಷ ಆಹಾರದಿಂದ ಕೆಲವು ವಾರಗಳಲ್ಲಿ ಕರಗುತ್ತದೆ. ಆಕ್ಸಲೇಟ್ ಅನ್ನುವ ಇನ್ನೊಂದು ಬಗೆ ಕರಗುವುದಿಲ್ಲ, ತೆಗೆಯಲೇಬೇಕು.

ದುಡ್ಡು ಬಿಗಿಯಿದ್ದರೆ ಮುಟ್ಟಿ ನೋಡುವುದು, ಯೂರಿನ್, ಎಕ್ಸ್‌ರೇ, ಕೊನೆಗೆ ಕಲ್ಚರ್, ಹೀಗೆ ಹೋಗಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ, ಹತ್ತಿರವಿದ್ದರೆ ಅಲ್ಲೂ ವಿಚಾರಿಸಿ. ನೋವಿಗೆ ಅಂತ ಪ್ಯಾರಸಿಟಮಾಲ್ ಮಾತ್ರ ಕೊಡಬೇಡಿ, ಅರ್ಧ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ತಿಣುಕುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್ ಮೇಜಿನ ಮೇಲೆ ಯಾವ ಬೆಕ್ಕೂ ಮಾಡಿ ತೋರಿಸುವುದಿಲ್ಲ.

ಒತ್ತಡದಿಂದಲೂ ಈ ಉರಿಯೂತ ಕೆರಳಬಹುದು, ಹಾಗಾಗಿ ಮನೆಯಲ್ಲಿ ಇತ್ತೀಚೆಗೆ ಏನು ಬದಲಾಗಿದೆ ಅಂತಲೂ ಯೋಚಿಸಿ. ಎರಡನೇ ಸಲ ಗುಂಡನಿಗೆ ಕಲ್ಲಿಲ್ಲ, ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಡಾಕ್ಟರು ಕೆದಕಿ ಕೇಳಿದ ಮೇಲೆ ಹೊಳೆಯಿತು: ಹದಿನೈದು ದಿನದಿಂದ ಯಾವುದೋ ಕರಿ ಗಂಡು ಬೆಕ್ಕು ನಮ್ಮ ಕಾಂಪೌಂಡ್ ಮೇಲೆ ಕೂತು ಇವನನ್ನೇ ದಿಟ್ಟಿಸುತ್ತಿತ್ತು. ಕಿಟಕಿಯ ಕೆಳಗಿನ ಅರ್ಧಕ್ಕೆ ಪೇಪರ್ ಅಂಟಿಸಿದೆವು, ಇನ್ನೊಂದು ಟ್ರೇ ಇಟ್ಟೆವು. ಆ ಪೇಪರ್ ಇನ್ನೂ ಹಾಗೇ ಇದೆ.